ಉಪವಾಸದ ಪಟ್ಟಿ

ಹೋದ ವರ್ಷ ಡಾಕ್ಟರರು ಬೆಳಗಿನ ಹೊತ್ತು ಓಟ್ಸ್ ಗಂಜಿ ಕುಡಿಯಿರಿ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿದರು. "ಸಾ, ಇದನ್ನ ನಾನು ಹೊರೆಗಟ್ಟಲೆ ಕೊಯ್ದು ದನಕ್ಕೆ ಆಕಿದ್ದೀನಿ, ಈಗ ನಂಗೇ ತಿನ್ನು ಅಂತೀರಲ್ಲ" ಎಂದೆ. ಅವರೂ ನಕ್ಕರು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ನನಗೆ ನೆನಪಾದದ್ದು ಗಂಜಿಯೂ ಅಲ್ಲ, ಹುಲ್ಲೂ ಅಲ್ಲ. ರಸ್ತೆ ಬದಿಯ ಒಂದು ಹಳದಿ ಪಟ್ಟಿ, ಮತ್ತೆ ನನ್ನ ಅತ್ತೆ.

ನನ್ನ ತವರು ನಂಜನಗೂಡು ತಾಲ್ಲೂಕು, ಸುತ್ತೂರಿನ ಪಕ್ಕ. ಕೊಟ್ಟದ್ದು ತಿ. ನರಸೀಪುರದ ಕಡೆಗೆ, ಮೂಗೂರಿನ ರಸ್ತೆಯಲ್ಲಿ ಸಿಗುವ ಒಂದು ಊರಿಗೆ. ಎರಡು ಕಡೆಯೂ ಅದೇ ಕಬಿನಿ ನೀರು, ಅದೇ ಭತ್ತ, ಅದೇ ಮುದ್ದೆ. ಆದರೂ ನನ್ನ ಸಾರು ತೆಳ್ಳಗಾದರೆ ಅತ್ತೆಗೆ ಅದು ನಂಜನಗೂಡಿನ ತಪ್ಪು, ಮುದ್ದೆ ಗಂಟಾದರೆ ಅದೂ ನಂಜನಗೂಡಿನ ತಪ್ಪು. ನಾನೂ ಸುಮ್ಮನಿರುವವಳಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗೆ ಇವತ್ತಿಗೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ಆ ಮನೆಯಲ್ಲಿ ಓದುತ್ತಿದ್ದದ್ದು ಕರೆಂಟಿನ ಬಿಲ್ಲು ಮತ್ತು ಲಗ್ನಪತ್ರಿಕೆ ಮಾತ್ರ. ಬರೆಯುವುದಂತೂ ಏನೂ ಇರಲಿಲ್ಲ.

ಅತ್ತೆಯ ಒಂದು ಗುಣಕ್ಕೆ ಮಾತ್ರ ಊರೇ ತಲೆಬಾಗುತ್ತಿತ್ತು. ಮದುವೆಯಿರಲಿ, ಮಠದ ದಾಸೋಹವಿರಲಿ, ಬಡಿಸುವುದಕ್ಕೆ ಅವರನ್ನೇ ಕರೆಯುತ್ತಿದ್ದರು. ಒಂದು ಸಾಲಿನಲ್ಲಿ ಕೂತ ಮೇಲೆ ಜಮೀನ್ದಾರನ ಎಲೆಗೂ ಅವನ ಆಳಿನ ಎಲೆಗೂ ಅವರ ಸೌಟಿನಿಂದ ಬೀಳುತ್ತಿದ್ದದ್ದು ಅಷ್ಟೇ ಪಾಯಸ. ತಮ್ಮ ಸ್ವಂತ ಅಣ್ಣ ಎಲೆಯ ಮೇಲೆ ಕೈ ತಟ್ಟಿ ಇನ್ನೊಂದು ಸೌಟು ಕೇಳಿದರೂ "ಸಾಲು ಮುಗೀಲಿ ತಡಿ" ಎನ್ನುತ್ತಿದ್ದರು. ಪಂಕ್ತಿಭೇದದಷ್ಟು ದೊಡ್ಡ ಪಾಪ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಂಬಿದ್ದವರು ಅವರು.

ಮನೆಯೊಳಗಿನ ಕಥೆ ಬೇರೆ. ಗಂಡಸರು ಮೊದಲು ಕೂರುತ್ತಿದ್ದರು, ಆಮೇಲೆ ಅತ್ತೆ, ಕೊನೆಗೆ ಒಲೆಯ ಪಕ್ಕದಲ್ಲಿ ನಾನು. ಎರಡು ಸೀಮೆ ಹಸು ಕರೆಯುತ್ತಿದ್ದವು. ಮಾವ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಪಕ್ಕದೂರಿನ ಡೈರಿಗೆ ಹಾಕಿ ಬರುತ್ತಿದ್ದರು. ಗಂಡಸರ ಕಾಫಿಗೆ ಮತ್ತು ಮೊಸರಿಗೆ ಒಂದು ಚೊಂಬು ಉಳಿಯುತ್ತಿತ್ತು. ನನ್ನ ಪಾಲಿಗೆ ಬೆಲ್ಲದ ಕರಿ ಕಾಫಿ. ಅತ್ತೆ ತಮ್ಮ ಲೋಟವನ್ನು ಕೊಟ್ಟಿಗೆಗೆ ಒಯ್ದು ಹಸುಗಳ ಹತ್ತಿರ ನಿಂತು ಕುಡಿಯುತ್ತಿದ್ದರು. ಮದುವೆಯಾದಾಗಿನಿಂದ ನಡೆದುಕೊಂಡು ಬಂದದ್ದು, ಯಾರೂ ಅದನ್ನು ಮಾತಾಡಿದ್ದಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ದೀಪಾವಳಿ ಕಳೆದ ಮೇಲೆ ಮೊಪೆಡ್ಡಿನಲ್ಲಿ ಒಬ್ಬರು ಬಂದರು. ಯಾವ ಇಲಾಖೆಯವರೆಂದು ನಮಗೆ ಸರಿಯಾಗಿ ತಿಳಿಯಲಿಲ್ಲ. ಹಸುಗಳ ಮೇವಿನ ವಿಷಯ ಬಿಟ್ಟು ಬೇರೆ ಮಾತಾಡದ ಮನುಷ್ಯ, ಹಾಗಾಗಿ ಊರಿನವರು ಮೇವಿನ ಮೇಷ್ಟ್ರು ಎಂದು ಕರೆದರು. ರಸ್ತೆ ಬದಿಯಲ್ಲಿ ಎಲ್ಲರಿಗೂ ಕಾಣುವ ಹತ್ತು ಗುಂಟೆ ಬೇಕು, ಓಟ್ಸ್ ಬೀಜ ನಾನು ಕೊಡುತ್ತೇನೆ, ಹುಲ್ಲು ನಿಮಗೇ ಎಂದರು. ಎಲ್ಲರಿಗೂ ಕಾಣುತ್ತದೆ ಎಂದ ಕೂಡಲೇ ಮಾವ ಒಪ್ಪಿಬಿಟ್ಟರು. ಬೀಜಕ್ಕಿಂತ ಅವರಿಗೆ ಆ ಮಾತೇ ರುಚಿಸಿತ್ತು.

ಮೇಷ್ಟ್ರು ಗದ್ದೆಯನ್ನು ನಾಲ್ಕು ಪಟ್ಟಿ ಮಾಡಿಸಿ, ಪಟ್ಟಿಗೊಂದು ಗೂಟ ಹೊಡೆಸಿ, ಬಣ್ಣದಲ್ಲಿ ನಂಬರು ಬರೆದರು. ನಮ್ಮನ್ನೆಲ್ಲ ಬದುವಿನ ಮೇಲೆ ನಿಲ್ಲಿಸಿ ಪಾಠ ಮಾಡಿದರು.

"ನಾಲ್ಕಕ್ಕೂ ಒಂದೇ ಬೀಜ, ಒಂದೇ ನೀರು, ಒಂದೇ ಅಳತೆ ಕೊಟ್ಟಿಗೆ ಗೊಬ್ಬರ. ಬೇರೆ ಮಾಡೋದು ಯೂರಿಯಾ ಮಾತ್ರ. ಒಂದನೇ ಪಟ್ಟಿಗೆ ಒಂದು ಕಾಳೂ ಇಲ್ಲ. ಎರಡನೇದಕ್ಕೆ ಸ್ವಲ್ಪ. ಮೂರನೇದಕ್ಕೆ ಹದವಾಗಿ. ನಾಲ್ಕನೇದಕ್ಕೆ ನಿಮ್ಮೂರೋರು ಸುರಿಯೋ ಥರ."

ಹಿಂದೆ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು. "ಒಂದ್ನೇದು ಏನ್ ತೆಪ್ಪು ಮಾಡ್ತು ಸಾ?"

"ತಪ್ಪಲ್ಲ ಅಮ್ಮ. ಅದಕ್ಕೆ ಹಾಕದೆ ಇದ್ದರೆ ತಾನೆ, ಮಿಕ್ಕಿದ್ದಕ್ಕೆ ಹಾಕಿದ್ದರಿಂದ ಎಷ್ಟು ಹೆಚ್ಚಿಗೆ ಬಂತು ಅಂತ ತಿಳಿಯೋದು?"

ಅತ್ತೆ ತಲೆಯಾಡಿಸಿದರು. ಒಪ್ಪಿಕೊಂಡು ಆಡಿಸಿದ ತಲೆ ಅದಾಗಿರಲಿಲ್ಲ.

ಇದನ್ನೆಲ್ಲ ಬರೆದಿಡುವವರು ಯಾರು ಎಂದಾಗ ನನ್ನ ಗಂಡ ನನ್ನ ಕಡೆ ಕೈ ತೋರಿಸಿದರು. ಮೇಷ್ಟ್ರು ಗೆರೆ ಹಾಕಿದ ಒಂದು ಉದ್ದನೆಯ ಪುಸ್ತಕ ನನ್ನ ಕೈಗಿಟ್ಟರು. ವಾರಕ್ಕೊಮ್ಮೆ ಎತ್ತರ ಅಳೆಯಬೇಕು, ಬಣ್ಣ ಬರೆಯಬೇಕು, ನೀರು ಬಿಟ್ಟ ದಿನ ಬರೆಯಬೇಕು, ಕೊಯ್ಲಿನ ದಿನ ತೂಕ ಬರೆಯಬೇಕು. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. "ನಿಮ್ಮೂರಲ್ಲಿ ಹೆಂಗಸರದ್ದೇ ಒಂದು ಹಾಲಿನ ಸಂಘ ಆಗುತ್ತೆ. ಹಾಲು ಟೆಸ್ಟ್ ಮಾಡಿ ಬರೆಯೋಕೆ ಒಬ್ಬರು ಬೇಕು. ಈ ಪುಸ್ತಕ ಕಟ್ಟುನಿಟ್ಟಾಗಿ ಬರೆದು ತೋರಿಸಿ, ನಿಮ್ಮ ಹೆಸರನ್ನೇ ಹೇಳ್ತೀನಿ."

ಆ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು. ಸಂಬಳದ ಆಸೆಗಲ್ಲ. ಒಲೆ, ಕೊಟ್ಟಿಗೆ, ಗದ್ದೆ ಬಿಟ್ಟು ನಾನು ಕೂರುವ ಒಂದು ಕುರ್ಚಿ, ನನ್ನ ಕೈಬರಹವನ್ನು ಬೇರೆಯವರು ಓದುವ ಒಂದು ಜಾಗ. ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ಬಟ್ಟೆ ಸುತ್ತಿ ಇಟ್ಟೆ.

ಬೀಜ ಮೊಳೆತು, ಎರಡು ನೀರು ಕುಡಿದ ಮೇಲೆ ಪಟ್ಟಿಗಳು ತಮ್ಮ ತಮ್ಮ ಬಣ್ಣ ತೋರಿಸತೊಡಗಿದವು. ತಿಂಗಳು ತುಂಬಿದಾಗ ಮೇಷ್ಟ್ರು ಬಂದು ಎರಡನೇ ಸಲದ ಯೂರಿಯಾ ತೂಗಿ ಹಾಕಿಸಿ ಹೋದರು. ನಾಲ್ಕನೇ ಪಟ್ಟಿ ಕರ್ರಗೆ ಎನ್ನುವಷ್ಟು ಹಸಿರು, ಮೂರನೆಯದು ನೋಡಲು ತಂಪು, ಎರಡನೆಯದು ಸುಮಾರು. ಒಂದನೆಯದು ಹಳದಿಗೆ ತಿರುಗಿ ಮೊಣಕಾಲಿನ ಕೆಳಗೇ ನಿಂತಿತ್ತು. ಅದೇ ರಸ್ತೆಗೆ ಹತ್ತಿರದ ಪಟ್ಟಿ. ಬಸ್ಸು ನಿಂತಾಗ ಕಿಟಕಿಯಿಂದ ಯಾರಾದರೂ ಕೇಳದೆ ಹೋಗುತ್ತಿರಲಿಲ್ಲ. "ಏನ್ ಗೌಡ್ರೆ, ಆ ಪಟ್ಟೀಗೆ ಕಾಮಾಲೆ ಆಗದಾ?" ಎಂದು ಒಬ್ಬ. "ಅದ್ರ ಪಾಲಿಂದೂ ನೀವೇ ಉಂಡ್ಬುಟ್ರಾ?" ಎಂದು ಇನ್ನೊಬ್ಬ. ಮಾವ ನಕ್ಕುಬಿಡುತ್ತಿದ್ದರು. ಅತ್ತೆ ಮಾತ್ರ ಹುಲ್ಲು ಕೊಯ್ಯಲು ಹೋದಾಗಲೆಲ್ಲ ಆ ಪಟ್ಟಿಯ ಬದುವಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದರು.

ಮುಂದಿನ ವಾರ ಅಳತೆ ಕೋಲು ಹಿಡಿದು ಹೋದವಳು ಒಂದನೇ ಪಟ್ಟಿಯ ಮುಂದೆ ನಿಂತುಬಿಟ್ಟೆ. ನಡು ಭಾಗ ಹಸಿರಾಗುತ್ತಿತ್ತು. ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ, ಕೈ ಬೀಸಿದ ಕಡೆ ದಟ್ಟ, ಬೀಸದ ಕಡೆ ತೆಳು. ನೀರು ನುಗ್ಗುವ ಬಾಯಿಯ ಹತ್ತಿರ ನಾಲ್ಕು ಮಾರು ಜಾಗ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಎರಚಿದವರ ಕೈಯಲ್ಲಿದ್ದದ್ದು ಅಲ್ಲಿಗೆ ಮುಗಿದುಹೋಗಿತ್ತು. ಮನೆಗೆ ಬಂದು ಭತ್ತಕ್ಕೆಂದು ಇಟ್ಟಿದ್ದ ಯೂರಿಯಾ ಚೀಲ ನೋಡಿದೆ, ಬಾಯಿ ಬಿಚ್ಚಿ ಮತ್ತೆ ಕಟ್ಟಿದ್ದರು. ಪಕ್ಕದಲ್ಲಿ ರಾಗಿ ಕೇರುವ ಮೊರ ಒದ್ದೆಯಾಗಿ ಅಂಟುತ್ತಿತ್ತು.

ಅತ್ತೆ ಹಾಲು ಕರೆಯುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ಅತ್ತೆ, ಒಂದನೇ ಪಟ್ಟೀಗೆ ಯೂರಿಯಾ ಆಕುದ್ರಾ?"

ಅವರು ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ಊಂ ಕಣಮ್ಮಿ. ಒಂದು ಮೊರ ಆಕ್ದೆ."

"ಯಾಕೆ ಆಕುದ್ರಿ? ಆಕ್ಬಾರ್ದು ಅಂತ ಮೇಷ್ಟ್ರು ಬಾಯ್ಬಿಟ್ಟು ಏಳಿರ್ನಿಲ್ವಾ?"

"ಅವ್ರು ಏಳ್ತಾರೆ. ನಾಕೂ ಒಂದೇ ಗದ್ದೇಲಿ ಒಂದೇ ಸಾಲಲ್ಲಿ ಕುಂತವೆ. ಮೂರಕ್ಕಿಕ್ಕಿ ಒಂದನ್ನ ಉಪಾಸ ಕೆಡವಾದಾ? ನನ್ನ ಕೈಲಿ ನೋಡಾಕಾಗ್ನಿಲ್ಲ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಕುರ್ಚಿ, ಆ ಪುಸ್ತಕ ಎರಡೂ ಮಣ್ಣುಪಾಲಾಗುತ್ತಿದ್ದವು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. "ಉಲ್ಲಿನ ಉಪಾಸ ನೋಡಾಕಾಗ್ನಿಲ್ಲ. ಮನೇಲಿ ಎರಡು ಅಸ ಕರೆಯೋವಾಗ ನಾನು ದಿನಾ ಕರೀ ಕಾಪಿ ಕುಡೀತೀನಲ್ಲ, ಅದ ನೋಡಾಕಾಯ್ತದಾ? ನಿಮ್ಮ ಸಾಲಲ್ಲಿ ನಾನು ಎಲ್ಲಿ ಕುಂತಿದ್ದೀನಿ ಅತ್ತೆ?"

ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ಅತ್ತೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಮತ್ತೆ ತಲೆ ತಗ್ಗಿಸಿ ಕರೆಯತೊಡಗಿದರು. ಅಂದಿನಿಂದ ಬೇಕಾದ್ದಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ನನ್ನ ಸಾರು ತೆಳ್ಳಗಾದರೂ ನಂಜನಗೂಡಿನ ಸುದ್ದಿ ಬರಲಿಲ್ಲ.

ಪುಸ್ತಕ ಬಿಚ್ಚಿಕೊಂಡು ಎರಡು ದಿನ ಕೂತೆ. ಗಂಡನ ಸಲಹೆ ಸರಳವಾಗಿತ್ತು. "ಕಂಡಿದ್ದ ಬರಿ. ಎತ್ತರ ಇಷ್ಟು, ಬಣ್ಣ ಹಸಿರು. ಯಾಕೆ ಹಸಿರಾಯ್ತು ಅಂತ ಬರಿ ಅಂದವ್ರು ಯಾರು?" ಆ ದಾರಿ ನನಗೂ ಹೊಳೆಯದೆ ಇರಲಿಲ್ಲ. ಬರೆಯದಿದ್ದರೆ ಅತ್ತೆಯ ಮಾನ ಉಳಿಯುತ್ತದೆ, ಕೆಲಸವೂ ನನಗೆ ಸಿಗಬಹುದು. ಬರೆದರೆ ಮೊದಲ ಕೆಲಸವನ್ನೇ ಮನೆಯವರು ಕೆಡಿಸಿದರು ಎಂದು ನಾನೇ ಸಾರಿದಂತೆ. ಆದರೆ ಆ ಪುಟದಲ್ಲಿ ಬರೀ "ಹಸಿರು" ಎಂದು ಬರೆಯಲು ಹೋದಾಗ ಕೈ ಮುಂದಕ್ಕೆ ಓಡಲಿಲ್ಲ. ಸುಳ್ಳು ಬರೆಯುವುದಕ್ಕಾದರೆ ನನಗೆ ಈ ಪುಸ್ತಕವೇ ಯಾಕೆ ಬೇಕಿತ್ತು? ಕೊನೆಗೆ ಬರೆದೆ: "ಒಂದನೇ ಪಟ್ಟಿಗೆ ನಮ್ಮ ಅತ್ತೆ ಒಂದು ಮೊರ ಯೂರಿಯಾ ಎರಚಿದ್ದಾರೆ. ನೀರಿನ ಬಾಯಿಯ ಕಡೆ ನಾಲ್ಕು ಮಾರು ಜಾಗಕ್ಕೆ ಬಿದ್ದಿಲ್ಲ."

ಆ ಎರಡನೇ ಸಾಲು ಬರೆಯುತ್ತಿದ್ದ ಹಾಗೆಯೇ ನನಗೊಂದು ಉಪಾಯ ಹೊಳೆಯಿತು. ನೀರು ಆ ಕಡೆಯಿಂದ ಕೆಳಕ್ಕೆ ಹರಿಯುತ್ತದೆ, ಕರಗಿದ ಯೂರಿಯಾ ಹಿಂದಕ್ಕೆ ಏರಿ ಬರುವಂತಿಲ್ಲ. ಆ ನಾಲ್ಕು ಮಾರು ಇನ್ನೂ ಮೇಷ್ಟ್ರು ಹೇಳಿದ ಒಂದನೇ ಪಟ್ಟಿಯೇ. ನಾಲ್ಕು ಕಡ್ಡಿ ನೆಟ್ಟು ತೆಂಗಿನ ನಾರಿನ ಹಗ್ಗ ಸುತ್ತಿದೆ. ಉಳಿದ ಮೂರು ಪಟ್ಟಿಗಳಲ್ಲೂ ಅದೇ ನೇರಕ್ಕೆ ಅಷ್ಟೇ ಜಾಗಕ್ಕೆ ಹಗ್ಗ ಕಟ್ಟಿದೆ. ಇನ್ನು ಅಷ್ಟಷ್ಟನ್ನೇ ಬೇರೆ ಕೊಯ್ದು ತೂಗಿದರಾಯಿತು.

ಅಲ್ಲಿಂದ ಕೊಯ್ಲಿನವರೆಗೆ ಆ ಹಳದಿ ತುಂಡನ್ನು ಕಾಯುವುದು ನನ್ನ ಕೆಲಸವಾಯಿತು. ಅತ್ತೆ ಆ ಕಡೆ ಹೋದರೆ ನಾನೂ ಏನಾದರೂ ನೆಪ ಮಾಡಿಕೊಂಡು ಹಿಂದೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅವರು ಹಗ್ಗದ ಹತ್ತಿರ ಕೂತು ಒಂದು ಗರಿಯನ್ನು ಬೆರಳಲ್ಲಿ ಸವರುತ್ತಿದ್ದರು. ನನ್ನನ್ನು ಕಂಡು ಎದ್ದರು. "ಏನೂ ಆಕ್ನಿಲ್ಲ ಕಣವ್ವ. ನೋಡ್ತಿದ್ದೆ ಅಷ್ಟೆ" ಎಂದರು. ಅವರನ್ನು ಕಳ್ಳರ ಹಾಗೆ ಕಾಯುತ್ತಿದ್ದೇನಲ್ಲ ಎಂದು ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಕಾಯುವುದನ್ನು ಬಿಡಲಿಲ್ಲ.

ತೆನೆ ಒಡೆಯುವ ಹೊತ್ತಿಗೆ ಮೇಷ್ಟ್ರು ಕೊಯ್ಲಿಗೆ ದಿನ ಗೊತ್ತು ಮಾಡಿದರು. ಸುತ್ತಲ ಊರುಗಳಿಂದ ಹಸು ಕಟ್ಟಿದವರೆಲ್ಲ ಬಂದಿದ್ದರು, ಸೋಸಲೆ ಕಡೆಯಿಂದಲೂ ಕೆಲವರು. ಅಷ್ಟರಲ್ಲಿ ನಾಲ್ಕನೇ ಪಟ್ಟಿ ತನ್ನ ಭಾರಕ್ಕೆ ತಾನೇ ಮಲಗಿಬಿಟ್ಟಿತ್ತು. ಕೆಳಗಿನ ದಂಟು ಕೊಳೆತು ವಾಸನೆ ಬರುತ್ತಿತ್ತು. ಮೇಷ್ಟ್ರು ಪುಸ್ತಕ ಕೇಳಿದರು. ಕೊಟ್ಟೆ. ಅವರು ಪುಟ ತಿರುಗಿಸುತ್ತಾ ಗಟ್ಟಿಯಾಗಿ ಓದತೊಡಗಿದರು. ಹೀಗೆ ಎಲ್ಲರ ಮುಂದೆ ಓದುತ್ತಾರೆಂದು ನಾನು ಎಣಿಸಿರಲಿಲ್ಲ. ಎತ್ತರ, ಬಣ್ಣ, ನೀರು, ಮತ್ತೆ ಎತ್ತರ. ಆಮೇಲೆ ಆ ಸಾಲು ಬಂತು. "ನಮ್ಮ ಅತ್ತೆ ಒಂದು ಮೊರ ಯೂರಿಯಾ ಎರಚಿದ್ದಾರೆ."

ಜನ ಗೊಳ್ಳೆಂದು ನಕ್ಕರು. ಮಾವನ ಮುಖ ಕಪ್ಪಿಟ್ಟಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಹೆಂಗಸರ ಗುಂಪಿನಿಂದ ಮುಂದೆ ಬಂದರು. "ನಗಾಕೆ ಏನಾಯ್ತು? ಊಂ, ಎರಚ್ದೆ. ಒಂದೇ ಸಾಲಲ್ಲಿ ಕುಂಡ್ರಿಸ್ಬುಟ್ಟು ಒಂದಕ್ಕೆ ಇಕ್ಬ್ಯಾಡ ಅಂದ್ರೆ ನಂಗಾಗಾಕಿಲ್ಲ. ನನ್ನ ಸೊಸೆ ಬರ್ದಿರಾದು ದಿಟ."

ನಗು ನಿಂತಿತು. ಅತ್ತೆಯ ಸೌಟಿನ ಪರಿಚಯವಿಲ್ಲದವರು ಅಲ್ಲಿ ಕಡಿಮೆ. ಮೇಷ್ಟ್ರು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಕ್ಕಡಿ ತರಿಸಿದರು. ಆಮೇಲೆ ಹಗ್ಗ ಕಟ್ಟಿದ ತುಂಡುಗಳನ್ನು ಬೇರೆ ಬೇರೆ ಕೊಯ್ಯಿಸಿ ತೂಗಿದರು. ಹಳದಿ ತುಂಡು ಎಲ್ಲಕ್ಕಿಂತ ಕಡಿಮೆ, ಮೂರನೆಯದು ಎಲ್ಲಕ್ಕಿಂತ ಹೆಚ್ಚು. ಮಲಗಿದ ನಾಲ್ಕನೆಯದು ಮೂರನೆಯದನ್ನು ಮುಟ್ಟಲಿಲ್ಲ. ಅತ್ತೆ ಎರಚಿದ ಕಡೆಯದನ್ನೂ ಅಷ್ಟೇ ಜಾಗ ಅಳೆದು ತೂಗಿದರೆ ಅದು ಎರಡನೆಯದನ್ನೂ ಮೀರಿತ್ತು.

"ಈಯಮ್ಮ ಬರೆದಿರಲಿಲ್ಲ ಅಂದರೆ," ಎಂದರು ಮೇಷ್ಟ್ರು, "ಏನೂ ಹಾಕದೆ ಇದ್ದರೂ ಇಷ್ಟು ಬರುತ್ತೆ ಅಂತ ನಾನು ಊರೂರಿಗೆ ಸುಳ್ಳು ಹೇಳ್ಕೊಂಡು ತಿರುಗ್ತಿದ್ದೆ."

ಮೂರನೇ ಪಟ್ಟಿಯದ್ದನ್ನೂ ನಾಲ್ಕನೆಯದ್ದನ್ನೂ ನಮ್ಮ ಹಸುವಿನ ಮುಂದೆ ಹಾಕಿಸಿದರು. ಅದು ಮೂರನೆಯದನ್ನು ದಂಟಿನ ಸಮೇತ ಖಾಲಿ ಮಾಡಿತು. ನಾಲ್ಕನೆಯದರಲ್ಲಿ ತುದಿ ಮಾತ್ರ ಕಿತ್ತು ತಿಂದು ಮಿಕ್ಕಿದ್ದನ್ನು ಮೂತಿಯಲ್ಲಿ ತಳ್ಳಿತು. ಅತಿಯಾಗಿ ಯೂರಿಯಾ ಕುಡಿದ ಹುಲ್ಲು ಕೆಲವು ಸಲ ಹಸುವಿಗೆ ನಂಜಾಗುವುದೂ ಉಂಟು, ಕಪ್ಪು ಹಸಿರು ಕಂಡು ಹಿಗ್ಗಬೇಡಿ ಎಂದು ಮೇಷ್ಟ್ರು ಎಚ್ಚರಿಸಿದರು. ಅತ್ತೆ ತಮ್ಮ ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಒಂದಕ್ಕೆ ಇಕ್ದೆ ಇರಾದು ಪಂಕ್ತಿಭೇದ ಅಂದ್ಕಂಡಿದ್ದೆ. ಒಂದಕ್ಕೇ ಸುರಿಯಾದೂ ಅದೇಯ."

ನನಗೂ ಅವರಿಗೂ ನಡುವೆ ಮಾತು ಮಾತ್ರ ಇನ್ನೂ ಹಾಗೇ ಇತ್ತು. ಕೊಟ್ಟಿಗೆಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನನಗೆ ತಿಳಿಯಲಿಲ್ಲ, ಅದು ಸುಳ್ಳೂ ಆಗಿರಲಿಲ್ಲ. ಮೂರನೇ ಪಟ್ಟಿಯ ಲೆಕ್ಕದಲ್ಲಿ ಎಲ್ಲ ಪಟ್ಟಿಗೂ ಯೂರಿಯಾ ಹಾಕಿ ಎರಡನೇ ಕೊಯ್ಲು ತೆಗೆದೆವು. ಗದ್ದೆ ಒಂದೇ ಬಣ್ಣಕ್ಕೆ ಬಂತು. ಬಸ್ಸಿನವರಿಗೆ ಕೇಳಲು ಏನೂ ಉಳಿಯಲಿಲ್ಲ.

ಬೇಸಿಗೆ ಕಳೆಯುವಷ್ಟರಲ್ಲಿ ಸಂಘ ಶುರುವಾಯಿತು. ಮೇಷ್ಟ್ರು ಮಾತು ಉಳಿಸಿಕೊಂಡರು, ನಾನು ಮೈಸೂರಿಗೆ ಹೋಗಿ ಹಾಲು ಪರೀಕ್ಷೆ ಕಲಿತು ಬಂದೆ. ಮೊದಲ ದಿನ ಬೆಳಕು ಹರಿಯುವಾಗಲೇ ಎದ್ದು, ಕಾಫಿ ಕುಡಿಯಲೂ ನಿಲ್ಲದೆ ಹೊರಟೆ. ಹಳೆ ಪಂಚಾಯ್ತಿ ಕಟ್ಟಡದ ಜಗುಲಿಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಂದು ಕಬ್ಬಿಣದ ಕುರ್ಚಿ. ಕೂತೆ. ಹೆಂಗಸರು ಸಾಲಾಗಿ ಬಂದು ಹಾಲು ಸುರಿಯತೊಡಗಿದರು. ನಾನು ಅಳೆದು, ನೋಡಿ, ಬರೆಯುತ್ತಾ ಹೋದೆ. ಸಾಲಿನಲ್ಲಿ ಅತ್ತೆಯೂ ಇದ್ದರು. ನನ್ನತ್ತೆ ಎಂದು ಯಾರೋ ಮುಂದೆ ಬಿಡಲು ಹೋದರೆ ಬರಲಿಲ್ಲ, ತಮ್ಮ ಸರದಿಗೇ ಬಂದರು.

ಅವರು ಸುರಿದ ಹಾಲು ಮಾಮೂಲಿಗಿಂತ ಅರ್ಧ ಲೀಟರು ಕಡಿಮೆ ಇತ್ತು. ನಮ್ಮ ಹಸುಗಳ ಅಳತೆ ನನಗೆ ಗೊತ್ತಿಲ್ಲವೇ? ಹಸುವಿಗೇನಾದರೂ ಆಯಿತೇ ಎಂದು ಗಾಬರಿಯಾಯಿತು.

"ಯಾಕತ್ತೆ ಕಮ್ಮಿ ಅದೆ?"

ಅತ್ತೆ ಖಾಲಿ ಕ್ಯಾನಿನ ಮುಚ್ಚಳ ಹಾಕುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮನೇಲಿ ಎರಡು ಪಟ್ಟಿ ಉಪಾಸ ಇದ್ವು ಕಣಮ್ಮಿ. ಬರ್ಕೊ."

ಎರಡು ಎಂದದ್ದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ಅರ್ಧ ಲೀಟರು ಕಡಿಮೆಯೆಂದು ಬರೆದುಕೊಂಡೆ. ಮನೆಗೆ ಹೋದಾಗ ಒಲೆಯ ಪಕ್ಕದಲ್ಲಿ ಎರಡು ಲೋಟ ಕಾಫಿ ತಟ್ಟೆ ಮುಚ್ಚಿಕೊಂಡು ಕೂತಿದ್ದವು. ಎರಡರಲ್ಲೂ ಹಾಲು ಬಿದ್ದಿತ್ತು, ಎರಡರಲ್ಲೂ ಒಂದೇ ಮಟ್ಟಕ್ಕೆ. ಅವರು ದಿನಾ ಕೊಟ್ಟಿಗೆಗೆ ಒಯ್ಯುತ್ತಿದ್ದ ಲೋಟದಲ್ಲಿ ಏನಿರುತ್ತಿತ್ತು ಎಂದು ಅಷ್ಟು ವರ್ಷದಲ್ಲಿ ನಾನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.